ಉಡಿ ತುಂಬಿಸುತ್ತಿದ್ದ ಶ್ಲೋಕ

ತಪ್ಪು ಹುಡುಕದೆ ಪುರಾಣ ಓದುವುದು ನನಗೆ ಎಂದೂ ಸಾಧ್ಯವಾಗಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಗೋವೆಯ ಮ್ಹಾಪಸಾ ಪೇಟೆಯ ನಮ್ಮ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಘಂಟು ಬಿಡಿಸಿ ಸಂಸ್ಕೃತ ಕಲಿತವನು ನಾನು. ಗುರುವಿಲ್ಲದೆ ಕಲಿತವನಿಗೆ ಯಾರ ಮೇಲೂ ವಿಶ್ವಾಸ ಬರುವುದಿಲ್ಲ, ತನ್ನೊಬ್ಬನ ಹೊರತು.

ಎಂಬತ್ತರ ದಶಕದಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ವ್ಯಾಪಾರಿ ಮನೆತನದವರೆಲ್ಲ ಶ್ರಾವಣದಲ್ಲಿ ಒಂದೆಡೆ ಸೇರಿ ಪುರಾಣ ಹೇಳಿಸುತ್ತಿದ್ದೆವು. ಅದರಲ್ಲೊಂದು ಅಧ್ಯಾಯ ಮಕ್ಕಳಿಲ್ಲದ ರಾಣಿಯದು. ಅದನ್ನು ಭಕ್ತಿಯಿಂದ ಕೇಳಿದವಳಿಗೆ ಸಂತಾನವಾಗುವುದೆಂದು ಕೊನೆಯ ಶ್ಲೋಕದ ಭರವಸೆ. ಅದು ಮುಗಿದೊಡನೆ ಹೆಂಗಸರು ನನ್ನ ಹೆಂಡತಿ ಗಂಗವ್ವನನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಿದ್ದರು. ಅವಳಿಗಾಗಲೇ ಐವತ್ತು ಸಮೀಪಿಸಿತ್ತು. ಫಲಶ್ರುತಿಯ ಈ ವಿಳಂಬ ನನ್ನ ತರ್ಕಕ್ಕೆ ಒಗ್ಗಲಿಲ್ಲ.

ಒಂದು ಶುಕ್ರವಾರದ ಸಂತೆಯಲ್ಲಿ ಅದೇ ಪುರಾಣದ ಹಳೆಯ ಪ್ರತಿ ಸಿಕ್ಕಿತು. ಆ ಶ್ಲೋಕ ಅದರಲ್ಲಿ ಇರಲೇ ಇಲ್ಲ! ಮುಂದಿನ ಶ್ರಾವಣದಲ್ಲಿ, ಆ ಅಧ್ಯಾಯ ಮುಗಿಯುವ ಹೊತ್ತಿಗೆ ಎದ್ದು ನಿಂತು, ಎರಡೂ ಪ್ರತಿಗಳನ್ನು ಎತ್ತಿ ಹಿಡಿದು, ಅದು ಪ್ರಕ್ಷಿಪ್ತ, ಯಾರೋ ಆಮೇಲೆ ಸೇರಿಸಿದ್ದು ಎಂದು ಸಾಬೀತುಪಡಿಸಿದೆ.

ಪುರಾಣ ಹೇಳುವ ಶಾಸ್ತ್ರಿಗಳು ಕನ್ನಡಕ ತೆಗೆದರು. “ಆತ್ ಬಿಡ್ರಿ ಸಾವಕಾರ್ರ, ಇನ್ನ ಮ್ಯಾಲೆ ಓದೂದಿಲ್ಲ. ನಾಳೆ ರಾಣೀನೂ ಖೊಟ್ಟಿ ಅಂದುಗಿಂದೀರಿ ಮತ್ತ!”

ಎಲ್ಲರೂ ನಕ್ಕರು. ನಾನದನ್ನು ಜಯಘೋಷವೆಂದು ತಿಳಿದೆ. ಆ ದಿನ ಯಾರೂ ಮಣೆ ಹಾಕಲಿಲ್ಲ. ಹೆಂಗಸರಿಗೆ ನನ್ನ ವಿದ್ವತ್ತಿನ ಮೇಲೆ ಅಷ್ಟೊಂದು ಗೌರವ.

ಮನೆಗೆ ಬಂದು ಗಂಗವ್ವ ಖಾಲಿ ಸೆರಗು ಝಾಡಿಸಿದಳು. “ಕೂಸು ಆಗೂದಿಲ್ಲಂತ ನನಗ ಗೊತ್ತಿರಲಿಲ್ಲೇನ್ರಿ? ಯಾರ ಮನಿ ತೊಟ್ಟಿಲಕ್ಕೂ ನನ್ನ ಕರಿಯೂದಿಲ್ಲ. ವರ್ಷಕ್ಕೊಂದ ದಿನ ಎಲ್ಲಾರೂ ಕೈ ಹಿಡದು ನಡುವ ಕೂಡಸ್ತಿದ್ರು. ಅದನ್ನೂ ಓದಿ ಕಳದ್ರಿ.”

ಆಮೇಲೆ ಅವಳು ಪುರಾಣಕ್ಕೆ ಬರಲಿಲ್ಲ. ಮನೆಯಲ್ಲೂ ಊಟಕ್ಕೆ ಕರೆಯುವಷ್ಟೇ ಮಾತು. ಮರುವರ್ಷ ನಾನೇ ಶಾಸ್ತ್ರಿಗಳ ಕಿವಿಯ ಬಳಿ ಬಾಗಿ, ಆ ಶ್ಲೋಕ ಓದಿಬಿಡಿ, ಅವಳನ್ನು ಕರೆತರುತ್ತೇನೆ ಎಂದು ಬೇಡಿಕೊಂಡೆ.

“ಹೆಂಗ್ ಓದ್ಲಿರಿ? ಪುರಾವೆ ಕೊಟ್ಟವ್ರು ನೀವ ಅಲ್ಲೇನ್ರಿ?”

ಸಭೆಯಲ್ಲಿ ಈಗ ನನಗೆ ಮುಂದಿನ ಸಾಲಿನಲ್ಲೇ ಜಾಗ.

ಶ್ಲೋಕ ಪ್ರಕ್ಷಿಪ್ತವೇ, ಆ ಮಾತಿನಿಂದ ನಾನು ಇಂದಿಗೂ ಹಿಂದೆ ಸರಿದಿಲ್ಲ. ಆದರೆ ಗ್ರಂಥ ತೆರೆದಾಗಲೆಲ್ಲ ಅದನ್ನು ಸೇರಿಸಿದ ಅನಾಮಿಕನ ನೆನಪಾಗುತ್ತದೆ. ಅವನೂ ನನ್ನಂತೆ ಯಾವುದೋ ಸಭೆಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದಿರಬೇಕು. ವ್ಯತ್ಯಾಸವಿಷ್ಟೇ: ಓದುತ್ತ ಓದುತ್ತ ಅವನು ಒಮ್ಮೆ ತಲೆಯೆತ್ತಿ, ಹೆಂಗಸರ ಸಾಲಿನ ಕೊನೆಯಲ್ಲಿ ಕುಳಿತವಳ ಮುಖ ನೋಡಿದ್ದ.