ತೌಡಿಗೆ ಕೊಂಡ ಕೂಸಿನ ಹಾಡು

ಬೋರಮ್ಮ ಯಾವ ಮಗುವನ್ನೂ ಒಂದು ದಿನವಾದರೂ ಚೆಂದ ಎಂದು ಕರೆದವಳಲ್ಲ. ಗಂಡಸಿ ಹೋಬಳಿಯ ಒಂದು ಸಣ್ಣ ಊರಿನ ಅಂಗನವಾಡಿಯಲ್ಲಿ ಆಕೆ ಹದಿನಾಲ್ಕು ವರ್ಷ ಆಯಾ ಆಗಿದ್ದಳು. ಬೆಳಗ್ಗೆ ಕಸ ಗುಡಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ಮನೆಮನೆಗೆ ಹೋಗಿ ಮಕ್ಕಳನ್ನು ಹೊರಡಿಸಿಕೊಂಡು ಬರುವುದು ಅವಳ ಕೆಲಸ. ಒಂದೊಂದು ಬಾಗಿಲಲ್ಲೂ ಒಂದೊಂದು ಹಾಡು. “ಸುಟ್ಟ ಬದನೆಕಾಯಿ, ಎದ್ದು ಬಾರೋ” ಎಂದರೆ ಒಂದು ಮನೆಯಿಂದ ಒಬ್ಬ ಓಡಿ ಬರುತ್ತಿದ್ದ. “ಮೂಗು ಸೋರೋ ರಾಣಿಯಮ್ಮ” ಎಂದರೆ ಇನ್ನೊಂದು ಮನೆಯಿಂದ ಒಬ್ಬಳು ಅಳು ನಿಲ್ಲಿಸಿ ಬರುತ್ತಿದ್ದಳು. ಎಳೆಯ ಕೂಸನ್ನು ಹೆಸರು ಹಿಡಿದು ಹೊಗಳಿದರೆ ದೃಷ್ಟಿ ತಾಗುತ್ತದೆ, ಹೊಗಳಬೇಕೆನಿಸಿದಾಗ ಬೈದುಬಿಡಬೇಕು ಎಂಬುದು ಅವಳ ತಾಯಿಯಿಂದ ಬಂದ ನಂಬಿಕೆ. ಹಾಗಾಗಿ ಅವಳ ಬೈಗುಳವೆಲ್ಲ ಹಾಡಾಗಿತ್ತು, ಹಾಡೆಲ್ಲ ಹರಕೆಯಾಗಿತ್ತು. ಅಕ್ಷರ ಕಲಿಯದ ಆ ಹೆಂಗಸಿಗೆ ಈ ವಿದ್ಯೆಯನ್ನು ಕೊಟ್ಟವನು ಭಗವಂತನಲ್ಲದೆ ಬೇರೆ ಯಾರು?

ಅವಳ ಹಾಡುಗಳಲ್ಲಿ ಒಂದು ಮಾತ್ರ ಅವಳ ಸ್ವಂತ ರಕ್ತದಿಂದ ಹುಟ್ಟಿದ್ದು.

ಬೋರಮ್ಮನ ಒಬ್ಬಳೇ ಮಗಳು ಶಶಿ. ಅವಳನ್ನು ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಲೋಕೇಶ್ ಎಂಬ ಲಾರಿ ಡ್ರೈವರಿಗೆ ಕೊಟ್ಟಿದ್ದರು. ಶಶಿಯ ಮೊದಲಿನ ಎರಡು ಕೂಸುಗಳೂ ಹೆಸರಿಡುವ ಮೊದಲೇ ತೀರಿಕೊಂಡವು. ತೊಂಬತ್ತಮೂರರಲ್ಲಿ ಮೂರನೆಯದು ಹೆಣ್ಣಾಗಿ ಹುಟ್ಟಿದಾಗ ಬೋರಮ್ಮ ಹಿರಿಯರ ಶಾಸ್ತ್ರ ಮಾಡಿಸಿದಳು. ಹನ್ನೊಂದನೆಯ ದಿನ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ನೆರೆಮನೆಯ ಮುನಿಯಮ್ಮ, ಏನೂ ತಿಳಿಯದವಳಂತೆ, “ಯಾರೋ ಬಿಸಾಕಿದ ಕೂಸು, ಯಾರಿಗಾದ್ರೂ ಬೇಕೇನ್ರವ್ವ?” ಎಂದು ಎತ್ತಿಕೊಂಡು ಬಂದಳು. ಬೋರಮ್ಮ ಒಂದು ಸೇರು ತೌಡು ಅಳೆದುಕೊಟ್ಟು ಸ್ವಂತ ಮೊಮ್ಮಗಳನ್ನು ಕೊಂಡುಕೊಂಡಳು. ಬೇಡವೆಂದು ಎಸೆದದ್ದನ್ನು ಸಾವೂ ಮೂಸುವುದಿಲ್ಲವೆಂಬ ಆಸೆ. ದಾಖಲೆಯಲ್ಲಿ ಭಾನುಪ್ರಿಯಾ ಎಂದಾಯಿತು; ಅಜ್ಜಿಯ ಮನೆಯಲ್ಲಿ ಮಾತ್ರ ತಿಪ್ಪಿ. ಆ ದಿನವೇ ಹಾಡೂ ಹುಟ್ಟಿತು:

ತಿಪ್ಪೀ ತಿಪ್ಪೀ ಎಲ್ಲಿಂದ ಬಂದೆ?
ಕೋಳಿ ಕೆದರೋ ತಿಪ್ಪೇಲಿಂದ.
ತಿಪ್ಪೀ ತಿಪ್ಪೀ ಎಷ್ಟಕ್ಕೆ ಬಂದೆ?
ಅಜ್ಜಿ ಕೊಟ್ಟ ತೌಡಿಗೆ ಬಂದೆ.
ಉಳಿದ ತೌಡು ತಿಂದೋರ್ಯಾರು?
ಕೆರೆಯಾಗಿರೋ ಕರಿ ಎಮ್ಮೆ.
ಎಮ್ಮೆ ಕೊಟ್ಟ ಹಾಲು ಎಲ್ಲಿ?
ಇಲ್ಲೈತಲ್ಲ, ಇಲ್ಲೈತಲ್ಲ!

‘ಇಲ್ಲೈತಲ್ಲ’ ಎನ್ನುವಾಗ ಅಜ್ಜಿಯ ಐದು ಬೆರಳೂ ಕೂಸಿನ ಹೊಟ್ಟೆಗೆ ಇಳಿಯುತ್ತಿದ್ದವು. ಕೂಸು ಕಚಗುಳಿಗೆ ಬಿದ್ದುಬಿದ್ದು ನಗುತ್ತಿತ್ತು. ಬಾಣಂತನ ಮುಗಿದ ಮೇಲೂ ಶಶಿ ಮೈಯಲ್ಲಿ ಸರಿಯಿಲ್ಲವೆಂದು ತವರಿನಲ್ಲೇ ಹೆಚ್ಚಾಗಿ ಇದ್ದುದರಿಂದ, ತಿಪ್ಪಿ ಎರಡೂವರೆ ವರ್ಷ ಈ ಹಾಡಿನಲ್ಲೇ ಬೆಳೆದಳು.

ಆಮೇಲೆ ಗಂಡನ ಮನೆಯಲ್ಲಿದ್ದಾಗ ಶಶಿ ಕಾಮಾಲೆಯಿಂದ ಸತ್ತಳು. ಹೆಣದ ಮುಂದೆ, ನೂರು ಜನರ ಎದುರಿಗೆ, ಬೋರಮ್ಮ ಅಳಿಯನ ಮುಖಕ್ಕೆ ಬೆರಳು ತೋರಿಸಿ, “ಆಸ್ಪತ್ರೆಗೆ ಹಾಕ್ದೆ ಕೊಂದ್ಯಲ್ಲೋ ನನ್ನ ಮಗಳ್ನ!” ಎಂದುಬಿಟ್ಟಳು. ಲೋಕೇಶ್ ಹೆಂಡತಿಯನ್ನು ಹಾಸನದ ಆಸ್ಪತ್ರೆಗೆ ಸೇರಿಸಿ ಮೂರು ದಿನ ಅಲ್ಲಿನ ಜಗಲಿಯಲ್ಲಿ ಮಲಗಿ ಬಂದಿದ್ದ. ಅದು ಅವಳಿಗೆ ತಿಳಿದದ್ದು ಹನ್ನೊಂದು ದಿನ ಕಳೆದ ಮೇಲೆ. ಆಡಿದ ಮಾತು ಬಿಟ್ಟ ಬಾಣ. ಅವನು ಮಗಳನ್ನು ತನ್ನಲ್ಲೇ ಉಳಿಸಿಕೊಂಡು, “ಆ ಮುದುಕಿ ನಮ್ಮ ಹೊಸ್ತಿಲು ತುಳಿಯಂಗಿಲ್ಲ, ಮಗೀನ್ ಕಣ್ಣಿಗೂ ಬೀಳಂಗಿಲ್ಲ” ಎಂದು ಹೇಳಿ ಕಳಿಸಿದ. ಬೋರಮ್ಮ ಎರಡು ಸಲ ಹೋಗಿ, ಎರಡು ಸಲವೂ ಮುಚ್ಚಿದ ಬಾಗಿಲು ನೋಡಿ ಬಂದಳು. ಮಗುವಿನ ನೆನಪಿನಲ್ಲಿ ತಾನು ದಿನದಿನಕ್ಕೂ ಅಳಿಸಿಹೋಗುತ್ತಿದ್ದೇನೆ ಎಂಬ ಒಂದೇ ಸಂಕಟ ಅವಳನ್ನು ತಿನ್ನುತ್ತಿತ್ತು.

ತೊಂಬತ್ತೇಳರ ಶ್ರಾವಣದಲ್ಲಿ ಅರಸೀಕೆರೆಯ ಕೊಬ್ಬರಿ ವರ್ತಕರಾದ ಏಕಾಂತಯ್ಯನವರು ಅಂಗನವಾಡಿಗೆ ಸ್ಟೀಲ್ ತಟ್ಟೆಗಳನ್ನು ಕೊಡಲು ಬಂದರು. ಮಠದ ಭಕ್ತರು, ದಾನಶೀಲರು, ಮಕ್ಕಳೆಂದರೆ ಪ್ರಾಣ ಬಿಡುವವರು. ಉಪ್ಪಿಟ್ಟು ಬಡಿಸುತ್ತ ಬೋರಮ್ಮ ಹಾಡುತ್ತಿದ್ದುದನ್ನು ಅವರು ಬಾಗಿಲಲ್ಲೇ ನಿಂತು ಕೇಳಿದರು.

“ಟೀಚರೇ, ಇವನ್ನೆಲ್ಲ ಒಂದು ಕ್ಯಾಸೆಟ್ ಮಾಡಿಸಿಬಿಡೋಣ” ಎಂದರು ಶಿಕ್ಷಕಿ ಕಮಲಾಕ್ಷಮ್ಮನ ಕಡೆ ತಿರುಗಿ. “ಅರಸೀಕೆರೆ, ಬೇಲೂರು, ಎರಡು ತಾಲ್ಲೂಕಿನ ಅಂಗನವಾಡಿಗೂ ಪುಕ್ಕಟೆ ಹಂಚೋಣ. ಟೇಪ್ ಇಲ್ಲದ ಕಡೆ ಟೇಪೂ ಕೊಡಿಸ್ತೀನಿ.”

ಬೋರಮ್ಮನ ಕೈಯಲ್ಲಿದ್ದ ಸೌಟು ನಿಂತಿತು. “ಬೇಲೂರು ಅಂದ್ರೆ... ಅರೇಹಳ್ಳಿಗೂ ಹೋಯ್ತದಾ ಬುದ್ಧಿ?”

“ಅರೇಹಳ್ಳಿ ಏನು, ಅದರಾಚೆಗೂ ಹೋಗುತ್ತಮ್ಮ.”

ನಾಲ್ಕು ವರ್ಷ ತುಂಬಿದ ತಿಪ್ಪಿ ಅಷ್ಟರಲ್ಲಿ ಅರೇಹಳ್ಳಿಯ ಅಂಗನವಾಡಿಗೆ ಹೋಗುತ್ತಿದ್ದಾಳೆಂದು ಬೋರಮ್ಮನಿಗೆ ಗೊತ್ತಿತ್ತು. ತಾನು ದಾಟಲಾಗದ ಹೊಸ್ತಿಲನ್ನು ತನ್ನ ದನಿ ದಾಟುತ್ತದೆ, ಮಗು ಕೇಳುತ್ತದೆ, ಹೊಟ್ಟೆಯಲ್ಲಿ ಕಚಗುಳಿಯಾಗುತ್ತದೆ, ಇದು ಯಾರ ದನಿ ಎಂದು ಮನೆಯಲ್ಲಿ ಕೇಳುತ್ತದೆ. ಅಂದು ಅವಳು ಬೀರೇದೇವರಿಗೆ ಕೈಮುಗಿದು ಬೇಡಿಕೊಂಡದ್ದು ಇಷ್ಟೇ.

ಮುಂದಿನ ವಾರ ಏಕಾಂತಯ್ಯನವರು ಟೇಪ್ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟರು. ಬೋರಮ್ಮ ತಲೆಗೆ ಎಣ್ಣೆ ಹಚ್ಚಿ, ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಮೊದಲಿಗೇ ತಿಪ್ಪಿಯ ಹಾಡು ಹಿಡಿದಳು. ‘ಇಲ್ಲೈತಲ್ಲ’ ಎಂಬಲ್ಲಿಗೆ ಬಂದಾಗ ಕೈ ತಾನಾಗಿ ಚಾಚಿ ಯಂತ್ರಕ್ಕೆ ತಗುಲಿ ಟಕ್ಕೆಂದಿತು.

“ಬೋರಮ್ಮ, ಮಷೀನಿಗೆ ಕಚಗುಳಿ ಇಡಬೇಡಿ, ಅದು ನಗೋದಿಲ್ಲ!” ಎಂದರು ಏಕಾಂತಯ್ಯನವರು. ಎಲ್ಲರೂ ನಕ್ಕರು. ಅವಳೂ ಸೆರಗು ಅಡ್ಡ ಹಿಡಿದು ನಕ್ಕಳು.

ಹನ್ನೆರಡು ಹಾಡು ಮುಗಿದ ಮೇಲೆ ಅವರು ಸ್ವಲ್ಪ ಸಂಕೋಚದಿಂದ, “ಎಲ್ಲ ಚೆನ್ನಾಗಿವೆ. ಆ ಮೊದಲನೇದು... ತಿಪ್ಪೆ, ತೌಡು ಅಂತ... ಬಿಟ್ಟರೆ ಹೇಗೆ?” ಎಂದರು.

“ಅಯ್ಯೋ, ಅದೊಂದ್ನ ಮಾತ್ರ ಬಿಡಬ್ಯಾಡಿ ಬುದ್ಧಿ! ಮಿಕ್ಕಿದ್ದೆಲ್ಲ ಬಿಟ್ರೂ ಸೈ.”

“ಯಾಕಮ್ಮ, ಅಂಥದ್ದೇನಿದೆ ಅದರಲ್ಲಿ?”

ಅಳಿಯನ ಮೇಲೆ ತಾನು ಹೊರಿಸಿದ ಸುಳ್ಳು, ಮುಚ್ಚಿದ ಬಾಗಿಲು, ಇವನ್ನೆಲ್ಲ ದೊಡ್ಡವರ ಮುಂದೆ ಹರಡುವುದು ಹೇಗೆ? “ಸುಮ್ನೆ, ಮಕ್ಕಳಿಗೆ ಆಸೆ” ಎಂದಳು. ಒಂದು ಮಾತು, ಒಂದೇ ಮಾತು ಅಂದು ಹೇಳಿದ್ದರೆ! ಆಡಬಾರದ ಕಡೆ ಆಡಿದ ನಾಲಿಗೆ ಆಡಬೇಕಾದ ಕಡೆ ಹೂತುಹೋಯಿತು.

“ಆಗಲಿ, ಬಿಡೋದಿಲ್ಲ. ಮಾತು ಕೊಟ್ಟೆ” ಎಂದರು ಏಕಾಂತಯ್ಯನವರು. ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ಶಿವರಾತ್ರಿಯ ಹಿಂದಿನ ದಿನ ಅರಸೀಕೆರೆಯ ಒಂದು ಕಲ್ಯಾಣಮಂಟಪದಲ್ಲಿ ಕ್ಯಾಸೆಟ್ ಬಿಡುಗಡೆ. ಬೋರಮ್ಮನನ್ನು ವೇದಿಕೆಯ ಮೇಲೇ ಕೂರಿಸಿ, ಸೀರೆ ಕೊಟ್ಟು, ಹಾರ ಹಾಕಿದರು. ಮರ್ಯಾದೆಗೆ ಕೊರತೆಯಿರಲಿಲ್ಲ. ಆಮೇಲೆ ಧ್ವನಿವರ್ಧಕದಲ್ಲಿ ಕ್ಯಾಸೆಟ್ ಹಾಕಿದರು. ಕೊಳಲು ಬಂತು, ಕೀಬೋರ್ಡ್ ಬಂತು, ಅದರ ಹಿಂದೆ ಸಕ್ಕರೆಯಂಥ ಒಂದು ಎಳೆಯ ಕಂಠ ಬಂತು:

ಪುಟ್ಟೀ ಪುಟ್ಟೀ ಎಲ್ಲಿಂದ ಬಂದೆ?
ಹೂವು ಅರಳಿದ ತೋಟದಿಂದ.
ಪುಟ್ಟೀ ಪುಟ್ಟೀ ಏನನು ತಂದೆ?
ಅಜ್ಜಿಯ ಮುಡಿಗೆ ಮಲ್ಲಿಗೆ ತಂದೆ.

ಬೋರಮ್ಮ ಪಕ್ಕದಲ್ಲಿದ್ದ ಕಮಲಾಕ್ಷಮ್ಮನ ತೋಳು ಹಿಡಿದುಕೊಂಡಳು. “ಇದ್ಯಾರು ಟೀಚರಮ್ಮ? ನಾನ್ಯಾವಾಗ ಬತ್ತೀನಿ?”

“ನೀನು ಬರಲ್ಲ ಕಣೇ ಬೋರಮ್ಮ. ಸಂಗೀತ ಕಲಿತ ಹುಡುಗಿ ಕೈಲಿ ಹಾಡಿಸಿದ್ದಾರೆ. ನಿನ್ನದು ಅವಳಿಗೆ ಕಲಿಸೋಕೆ ಅಂತ ರೆಕಾರ್ಡ್ ಮಾಡಿದ್ದು.” ಕಮಲಾಕ್ಷಮ್ಮನ ಮುಖ ಸಪ್ಪಗಾಯಿತು. “ಯಾರೂ ನಿಂಗೆ ಹೇಳಲಿಲ್ವಾ?”

ಯಾರೂ ಹೇಳಿರಲಿಲ್ಲ. ಹೇಳಬೇಕಾದ ವಿಷಯವೆಂದು ಯಾರಿಗೂ ಹೊಳೆದಿರಲಿಲ್ಲ. ಆಯಾಳೊಬ್ಬಳ ಒಡಕು ದನಿಯನ್ನು ಕ್ಯಾಸೆಟ್ಟಿಗೆ ಹಾಕುತ್ತಾರೆಂದು ಆಯಾಳ ಹೊರತು ಬೇರೆ ಯಾರೂ ತಿಳಿದಿರಲಿಲ್ಲ.

ಸಭೆ ಮುಗಿದ ಮೇಲೆ ಅವಳು ಏಕಾಂತಯ್ಯನವರ ಬಳಿ ಹೋಗಿ ನಿಂತಳು. ಅವರು ಸಂತೋಷದಿಂದ, “ನೋಡಿದ್ರಾ, ನಿಮ್ಮ ಹಾಡು ಬಿಡಲಿಲ್ಲ. ಮೊದಲನೇದೇ ಮಾಡಿಸಿದೀನಿ” ಎಂದರು.

“ನನ್ನ ದನಿ ಹಿಡಿದಿದ್ರಲ್ಲ ಬುದ್ಧಿ, ಅದು ಎಲ್ಲೈತೆ? ಅದೊಂದು ಕೊಟ್ಟುಬಿಡಿ.”

ಅವರು ಹಣೆ ಉಜ್ಜಿಕೊಂಡರು. “ಅದರ ಮೇಲೆ ಮನೆಯವರು ಮಠದ ಪ್ರವಚನ ರೆಕಾರ್ಡ್ ಮಾಡಿಕೊಂಡುಬಿಟ್ಟರಲ್ಲಮ್ಮ. ಹೊಸ ಕ್ಯಾಸೆಟ್ ತಗೊಳ್ಳಿ, ಎಷ್ಟು ಬೇಕಾದ್ರೂ ತಗೊಳ್ಳಿ.”

ಪ್ರವಚನ ಒಳ್ಳೆಯದೇ. ಆದರೆ ಆ ಪ್ರವಚನದ ಅಡಿಯಲ್ಲಿ ಒಬ್ಬ ಅಜ್ಜಿ ಮಣ್ಣಾಗಿದ್ದಳು. ಧರ್ಮದ ಮಾತು ಎಷ್ಟೋ ಸಲ ಹೀಗೆ ಧರ್ಮದ ಮೇಲೆಯೇ ಕೂರುತ್ತದೆ. ನಾವು ಕೈಮುಗಿದು ಕೇಳುತ್ತೇವೆ.

ಜೂನಿನಲ್ಲಿ, ಅಂಗನವಾಡಿಗಳಿಗೆಲ್ಲ ಕ್ಯಾಸೆಟ್ ತಲುಪಿತೆಂದು ತಿಳಿದ ಮೇಲೆ, ಬೋರಮ್ಮ ಅರಸೀಕೆರೆಯಲ್ಲಿ ಬಸ್ಸು ಹಿಡಿದು, ಹಳೇಬೀಡು, ಬೇಲೂರು ದಾಟಿ ಅರೇಹಳ್ಳಿಗೆ ಹೋದಳು. ಮನೆಯ ಕಡೆ ಹೋಗಲಿಲ್ಲ; ನೇರ ಅಂಗನವಾಡಿಗೆ ಹೋದಳು. ಅಲ್ಲಿನ ಶಿಕ್ಷಕಿ ಮಂಜುಶ್ರೀ ಚಿಕ್ಕ ವಯಸ್ಸಿನವಳು. ಬೋರಮ್ಮ ಎಲ್ಲವನ್ನೂ ಮುಚ್ಚಿಡದೆ ಹೇಳಿ, “ನೋಡ್ಕಂಡು ಹೋಯ್ತೀನಿ ಕಣವ್ವ. ಯಾರು ಅಂತ ಬಾಯಿ ಬಿಡಕಿಲ್ಲ, ದೇವರಾಣೆ” ಎಂದಳು.

“ಅವರಪ್ಪಂಗೆ ಗೊತ್ತಾದ್ರೆ ನನ್ನ ಕೆಲಸಕ್ಕೇ ಕುತ್ತು ತರ್ತಾರೆ ಅಜ್ಜಿ” ಎಂದಳು ಮಂಜುಶ್ರೀ. ಆದರೂ ಚಾಪೆಯ ತುದಿಯಲ್ಲಿ ಜಾಗ ತೋರಿಸಿದಳು.

ತಿಪ್ಪಿ ಐದಕ್ಕೆ ಬಿದ್ದಿದ್ದಳು. ಶಶಿಯ ಹುಬ್ಬು, ಶಶಿಯ ಗಲ್ಲ. ‘ಚೆಂದ’ ಎಂಬ ಮಾತು ಗಂಟಲಿಗೆ ಬಂದಿತು. ಬೋರಮ್ಮ ಅದನ್ನು ನುಂಗಿಕೊಂಡಳು. ಮಕ್ಕಳು ಆಟವಾಡುತ್ತಿದ್ದಾಗ ಮಗುವನ್ನು ಹತ್ತಿರ ಕರೆದು ಮೆಲ್ಲಗೆ ಹಾಡಿದಳು:

“ತಿಪ್ಪೀ ತಿಪ್ಪೀ ಎಲ್ಲಿಂದ ಬಂದೆ? ಕೋಳಿ ಕೆದರೋ...”

ಮಗು ಮೂಗು ಮುರಿಯಿತು. “ಥೂ, ತಪ್ಪು ಹೇಳ್ತೀಯ. ತಿಪ್ಪಿ ಅಲ್ಲ, ಪುಟ್ಟಿ. ತಿಪ್ಪೆ ಅಂದ್ರೆ ಗಲೀಜು.”

“ಹಂಗಾ? ನಂಗೆ ಹಿಂಗೇ ಬರೋದು ಕಣವ್ವ. ಈ ಹಾಡು ಮೊದ್ಲು ಎಲ್ಲಾದ್ರೂ ಕೇಳಿದ್ಯಾ?”

“ಹೂಂ, ಟೇಪಲ್ಲಿ!”

“ಅದ್ಕೂ ಮುಂಚೆ?”

ಮಗು ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿತು. “ಟೇಪ್ ಈಗ ತಾನೇ ಬಂದಿರೋದು ಅಜ್ಜಿ” ಎಂದಿತು ಮಗು, ದಡ್ಡರಿಗೆ ತಿಳಿಸುವಂತೆ. ಅಜ್ಜಿ ಎಂದದ್ದು ಸಂತೆಯಲ್ಲಿ ಸೊಪ್ಪು ಮಾರುವ ಯಾವ ಮುದುಕಿಗಾದರೂ ಅನ್ನುವ ಹಾಗೆ. “ನಾನು ಹೇಳ್ಕೊಡ್ತೀನಿ, ನನ್ನ ಹಿಂದೆ ಹೇಳು.”

ಬೋರಮ್ಮ ಕೈಕಟ್ಟಿ ಕುಳಿತು ಮೊಮ್ಮಗಳ ಹಿಂದೆ ಹಾಡಿದಳು. ಹೂವು ಅರಳಿದ ತೋಟ, ಅಜ್ಜಿಯ ಮುಡಿಗೆ ಮಲ್ಲಿಗೆ. ಹಿಂದೆ ‘ಇಲ್ಲೈತಲ್ಲ’ ಇದ್ದ ಕೊನೆಯ ಸಾಲಿಗೆ ಬಂದಾಗ ಅವಳ ಕೈ ಅವಳ ಮಾತು ಕೇಳಲಿಲ್ಲ. ಐದು ಬೆರಳೂ ಮಗುವಿನ ಹೊಟ್ಟೆಯ ಕಡೆ ಚಾಚಿದವು.

ಮಗು ಸರ್ರನೆ ಹಿಂದೆ ಸರಿಯಿತು. “ಟೀಚರ್, ಈ ಅಜ್ಜಿ ಮುಟ್ತಾಳೆ!”

ಮಂಜುಶ್ರೀ ಬಾಗಿಲ ಕಡೆ ಒಮ್ಮೆ ನೋಡಿದಳು. ಬೋರಮ್ಮ ಚೀಲ ಎತ್ತಿಕೊಂಡು ಎದ್ದಳು. ಚೀಲದಲ್ಲಿದ್ದ ಕೊಬ್ಬರಿಮಿಠಾಯಿಯನ್ನು ಎಲ್ಲ ಮಕ್ಕಳಿಗೂ ಕೊಡಿ ಎಂದು ಕೊಟ್ಟು ಬಂದಳು; ಒಂದು ಮಗುವಿಗೆ ಮಾತ್ರ ಕೊಡಲು ಅವಳಿಗೆ ಯಾವ ಅಧಿಕಾರವಿತ್ತು?

ಮರುದಿನ ಬೆಳಗ್ಗೆ ಊರಿನ ಮಕ್ಕಳು ಅವಳನ್ನು ಮುತ್ತಿಕೊಂಡು, “ಆಯಮ್ಮ, ತಿಪ್ಪಿ ಹಾಡು, ತಿಪ್ಪಿ ಹಾಡು!” ಎಂದರು. ಬೋರಮ್ಮ ಪೊರಕೆ ಕೆಳಗಿಟ್ಟಳು.

“ಅದು ತಪ್ಪು ಕಣ್ರೋ. ಇನ್ಮೇಲೆ ಪುಟ್ಟಿ ಅನ್ಬೇಕು, ಹೂವಿನ ತೋಟ ಅನ್ಬೇಕು.”

“ಯಾರು ಹೇಳಿದ್ದು?”

“ನನ್ನ ಮೊಮ್ಮಗಳು” ಎಂದಳು ಬೋರಮ್ಮ. “ಅವಳಿಗೆ ಹಂಗೇ ಬರೋದು.”

ಹಾಗೆಯೇ ಕಲಿಸಿದಳು. ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಅದುಮಿ ಹಿಡಿದುಕೊಂಡು, ಕೊನೆಯ ಸಾಲಿನವರೆಗೂ ಕಲಿಸಿದಳು.