ಸೂಜಿ ಮುರಿದ ವೇಳೆ

ರಾಯದುರ್ಗದ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಕಂಪ್ಯೂಟರ್ ಕೆಟ್ಟರೆ ನನ್ನನ್ನೇ ಕರೆಯುತ್ತಿದ್ದರು. ಹೊಲಿಗೆ ಕೋಣೆಯಲ್ಲಿ ಒಬ್ಬಳು ಹೊಲಿದು ಮುಗಿದ ಪ್ಯಾಂಟುಗಳ ಕಟ್ಟುಗಳ ನಂಬರು ಟೈಪು ಮಾಡುತ್ತಿದ್ದಳು. ಅದು ಆಫೀಸಿನ ದೊಡ್ಡ ಕಂಪ್ಯೂಟರಿಗೆ ಹೋಗಿ ಸೇರುತ್ತಿತ್ತು. ಆರು ವರ್ಷ ದಾರ ಕತ್ತರಿಸಿ, ಆಮೇಲೆ ಕಲಿತು ಗಿಟ್ಟಿಸಿಕೊಂಡ ಕುರ್ಚಿ ಅವಳದು.

ಇದ್ದಕ್ಕಿದ್ದಂತೆ ದಿನಕ್ಕೆರಡು ಸಲ ಸಂಪರ್ಕ ಕಡಿಯತೊಡಗಿತು. ಅರ್ಧ ಟೈಪಾದ ಕಟ್ಟುಗಳು ಮಾಯ. ಆಫೀಸಿನ ಪರದೆಯಲ್ಲಿ ಪ್ರತಿ ಸಲವೂ ಇಂಗ್ಲಿಷಿನ ಅದೇ ಸಾಲು: ಆ ಕಡೆಯವರು ಸಂಪರ್ಕ ಕಡಿದಿದ್ದಾರೆ. ಪಕ್ಕದಲ್ಲಿ ವೇಳೆ. ಆ ಕಡೆ ಇದ್ದವಳು ಇವಳೊಬ್ಬಳೇ. ಇನ್ನೇನು ಬೇಕು ನನ್ನಂಥ ಜಾಣನಿಗೆ!

“ಮಧ್ಯದಾಗೆ ಯಾಕಮ್ಮ ಆಫ್ ಮಾಡ್ತೀಯ?” ಎಂದೆ. ನಾನು ಮಡಕಶಿರದ ಕಡೆಯವನು, ಮಾತು ಒರಟು.

“ದೇವರಾಣಿ ನಾ ಮುಟ್ಟಿಲ್ರಿ. ಆ ಮೂಲ್ಯಾಗಿನ ಹೊಲಿಗಿ ಮಷಿನ್ ನಿಂತ್ರ ಇದೂ ನಿಲ್ತೈತ್ರಿ.”

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ,” ಎಂದು ನಕ್ಕು, ಮಾಲೀಕರಿಗೆ ಆ ಸಾಲನ್ನು ಓದಿ ಹೇಳಿದೆ. ಮರುದಿನ ಅವಳು ಮತ್ತೆ ದಾರ ಕತ್ತರಿಸಲು ಕೂತಳು. ಜೊತೆಗೆ ಸೂಜಿ ಪುಸ್ತಕದ ಕೆಲಸ. ಮುರಿದ ಸೂಜಿಯ ಚೂರು ಬಟ್ಟೆಯಲ್ಲಿ ಉಳಿಯಬಾರದಲ್ಲ. ಚೂರುಗಳನ್ನೆಲ್ಲ ಆಯ್ದು, ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿ, ವೇಳೆ ಬರೆದ ಮೇಲೇ ಅಲ್ಲಿ ಹೊಸ ಸೂಜಿ ಕೊಡುವುದು.

ಕುರ್ಚಿಗೆ ಬೇರೊಬ್ಬಳು ಬಂದಳು. ಸಂಪರ್ಕ ಕಡಿಯುವುದು ನಿಲ್ಲಲಿಲ್ಲ. ನಾನು ಅವಳ ಮೇಲೂ ಹರಿಹಾಯ್ದೆ.

ನಾಲ್ಕನೆಯ ದಿನ ಮೊದಲಿನವಳು ಸೂಜಿ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. “ನಿಮ್ಮ ಪರದಿ ಮ್ಯಾಲಿನ ವೇಳೆ ಓದ್ರಿ ಸಾರ್.”

ಓದಿದೆ. ಹನ್ನೊಂದು ಇಪ್ಪತ್ತು. ಅವಳ ಬೆರಳಿದ್ದ ಚೂರಿನ ಪಕ್ಕದಲ್ಲೂ ಹನ್ನೊಂದು ಇಪ್ಪತ್ತು. ಮೂರು ಹತ್ತು, ಅಲ್ಲೂ ಮೂರು ಹತ್ತು.

“ಮೂಲಿ ಮಷಿನ್ದು ಸೂಜಿ ಮುರದಾಗೆಲ್ಲ ಹಿಂಗ್ರಿ. ಬದಲಿ ಮಾಡಾಕ ಇಡೀ ಬೋರ್ಡಿನ ಸ್ವಿಚ್ ಆರಿಸ್ತಾರ.”

ಹೋಗಿ ನೋಡಿದೆ. ಕಂಪ್ಯೂಟರ್ ತಂತಿಗಳೆಲ್ಲ ಬಂದು ಸೇರುವ ಪುಟ್ಟ ಪೆಟ್ಟಿಗೆಗೂ ಅದೇ ಬೋರ್ಡಿನಿಂದ ಕರೆಂಟು. ಬೇರೆ ಪ್ಲಗ್ಗು ದೂರವೆಂದು, ಆ ತಿಂಗಳು ತಾನೇ ಅದನ್ನು ಅಲ್ಲಿ ಚುಚ್ಚಿದ ಸೋಮಾರಿ ನಾನೇ. ಅದನ್ನು ಕಿತ್ತು ದೂರದ ಪ್ಲಗ್ಗಿಗೇ ಹಾಕಿದೆ. ಮಾಲೀಕರ ಹತ್ತಿರ ಹೋಗಿ ತಪ್ಪು ನನ್ನದು ಎಂದೆ. ಅವಳ ಕುರ್ಚಿ ಅವಳಿಗೆ ಸಿಕ್ಕಿತು.

“ಬೇಜಾರು ಮಾಡ್ಕೋಬೇಡಮ್ಮ,” ಎಂದೆ.

“ಬ್ಯಾಸರ ಏನಿಲ್ರಿ,” ಎಂದಳು, ನಂಬರು ಒತ್ತುತ್ತಲೇ. “ಆದ್ರ ನೆಲ ಖರೇನ ಡೊಂಕ ಇತ್ತು ಸಾರ್. ನಾ ಅವತ್ತೇ ಹೇಳಿದ್ನಿ.”