ಟೀಚರಮ್ಮ ಹಾಡಿದ ಸಂಜೆ

ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಟೀಚರಮ್ಮ ಬಟ್ಟೆ ಒಣಹಾಕುವಾಗ ಕಣ್ಣು ಮುಚ್ಚಿ, ತಲೆ ತೂಗುತ್ತ ನಿಂತುಬಿಡುತ್ತಿದ್ದರು. ಅರವತ್ತರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ, ಅವರು ರಾಕ್ ತಂಡವೊಂದರ ಗಾಯಕಿಯಾಗಿದ್ದರೆಂದು ಅಮ್ಮ ಹೇಳುತ್ತಿದ್ದಳು. ಮತ್ತೇರಿದಂತೆ ತೇಲಿಸುವ, ಆ ಕಾಲದ ಸೈಕೆಡೆಲಿಕ್ ಹಾಡುಗಳು. ಒಂದು ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತಂತೆ. ಬಯಲಿನ ಸಂಗೀತೋತ್ಸವವೊಂದರಲ್ಲಿ ಹಾಡಿ ಬಂದ ಮೇಲೆ ಅವರ ತಂದೆ ಎಲ್ಲವನ್ನೂ ನಿಲ್ಲಿಸಿದರು. ತಂಡ ಚದುರಿತು. ಅದರ ಹೆಸರೂ ಈಗ ಯಾರಿಗೂ ನೆನಪಿಲ್ಲ. ನಾನು ಕೆದಕಿದಾಗಲೆಲ್ಲ, "ಅವೆಲ್ಲ ಹುಚ್ಚಾಟ ಕಣಮ್ಮ, ಬಿಟ್ಬುಡು," ಎಂದು ನಗುತ್ತಿದ್ದರು.

ಒಂದು ಸಂಜೆ ಲಷ್ಕರ್ ಮೊಹಲ್ಲಾದಿಂದ ವೃದ್ಧರೊಬ್ಬರು ಮಗಳ ಕೈ ಹಿಡಿದು ಟೀಚರಮ್ಮನ ಮನೆಗೆ ಬಂದರು. ಆ ತಂಡದ ಡ್ರಮ್ಮರ್ ಅವರು. ಆಗ ನಾನೂ ಅಲ್ಲಿದ್ದೆ. ನಡುಕದ ಕಾಯಿಲೆಯಿಂದ ಅವರ ಕೈ ಎಷ್ಟು ಅದುರುತ್ತಿತ್ತೆಂದರೆ, ನೀರಿನ ಲೋಟವನ್ನು ಮಗಳೇ ಹಿಡಿದು ಕುಡಿಸಬೇಕಾಯಿತು.

"ನಮ್ಮ ಹಾಡು ಒಂದ್ಸಲ ಹಾಡ್ತೀರಾ? ಅದನ್ನ ಕೇಳೋಕೇ ಬಂದೆ," ಎಂದರು.

ಟೀಚರಮ್ಮ ಎದ್ದು ಅಡುಗೆಮನೆಯಿಂದ ಖಾಲಿ ಡಬ್ಬವೊಂದನ್ನು ತಂದು ಅವರ ಮುಂದೆ ಬೋರಲು ಹಾಕಿದರು.

"ನೀವು ಬಾರಿಸದೆ ನಾನು ಹಾಡಲ್ಲ ಕಣ್ರೀ."

ಅದುರುವ ಬೆರಳುಗಳು ಡಬ್ಬದ ಮೇಲೆ ಬಿದ್ದವು. ಒಂದು ಪೆಟ್ಟು ಬೇಗ ಬೀಳುತ್ತಿತ್ತು, ಇನ್ನೊಂದು ತೀರ ತಡವಾಗಿ. ಟೀಚರಮ್ಮ ಪ್ರತಿಯೊಂದು ಪೆಟ್ಟಿಗೂ ಕಾಯುತ್ತ, ಅದು ಬೀಳುವವರೆಗೆ ದನಿ ಎಳೆಯುತ್ತ, ಹಾಡನ್ನು ಕೊನೆಯವರೆಗೂ ಹಾಡಿದರು.

"ತಾಳ ಪೂರ್ತಿ ತಪ್ಪೋಯ್ತು," ಎಂದು ಆ ವೃದ್ಧರು ತಲೆ ತಗ್ಗಿಸಿದರು.

"ಆಗ ಮಾತ್ರ ಯಾವತ್ತು ಸರಿಯಾಗಿ ಬಾರಿಸಿದ್ರಿ?" ಎಂದರು ಟೀಚರಮ್ಮ.

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.